ಎಂಟುನೂರ ಹನ್ನೊಂದನೆಯ ಸುತ್ತು

ಹಾಳೆಯ ಮೇಲೆ ಅದು ಸಲೀಸು.
ಒಂದು ಚದರ ಕಿಲೋಮೀಟರು ಹರವು, ಕೂದಲೆಳೆಗಿಂತ ತುಸು ದಪ್ಪ,
ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ
ಬಿಸಿಲು ಕಾಯಿಸುತ್ತ ನಿಂತಿರುತ್ತದೆ.
ಜವರಪ್ಪನಿಗೆ ಮಾತ್ರ ಎಕರೆಯಲ್ಲಿ ಹೇಳಬೇಕು:
ಇನ್ನೂರ ನಲವತ್ತೇಳು.
"ಪಾಣಿ ಯಾರ್ ಹೆಸ್ರಲ್ಲದೆ ಮೇಡಮ್?"
ನಗಲಿಲ್ಲ ಅವನು.

ಕೂರ್ಗಳ್ಳಿಯ ಈ ಶೆಡ್ಡಿನಲ್ಲಿರುವುದು
ಅಷ್ಟೂ ಎಕರೆಯ ಒಂದೇ ಒಂದು ಕೀಲು,
ಹೆಬ್ಬೆರಳಿನಷ್ಟು.
ನಲವತ್ತೊಂದು ಗ್ರಾಂ ಇತ್ತು, ಮೂವತ್ತೆಂಟಕ್ಕೆ ಇಳಿಸಿದೆ;
ಮೂರು ಗ್ರಾಂ ಕೆರೆಯಲು ಒಂದಿಡೀ ಮಳೆಗಾಲ.
ಇಂಥವು ಲಕ್ಷ ಬೇಕು.
ಅಂದರೆ ನಾನು ಕೆರೆದು ಹಾಕಿದ್ದು
ಹತ್ತಿರ ಹತ್ತಿರ ಒಂದು ಹಳ್ಳಿಕಾರ್ ಹೋರಿ.

ರಾಕೆಟ್ಟಿನ ಮೂತಿಯೊಳಗೆ ಮುದುಡಿ ಕೂತು
ಮೇಲೆ ಹೋಗಿ ಒಮ್ಮೆ, ಒಮ್ಮೆ ಮಾತ್ರ,
ಮೈ ಬಿಚ್ಚಬೇಕು.
ಒಂದು ಕೀಲು ಮುನಿಸಿಕೊಂಡರೆ
ನೆಟಿಗೆ ಮುರಿಯಲು ಅಲ್ಲಿ ಯಾರಿದ್ದಾರೆ.

"ಅಲ್ಲಿ ಹೊತ್ತು ಮುಳುಗದೇ ಇಲ್ವಾ?"
ಮುಳುಗುತ್ತದೆ ಜವರಪ್ಪ.
ಯುಗಾದಿಯ ಆಸುಪಾಸು ಕೆಲವು ವಾರ,
ಮಹಾಲಯದ ಆಸುಪಾಸು ಕೆಲವು ವಾರ,
ದಿನಕ್ಕೊಂದು ಸಲ ಭೂಮಿಯೇ ಅಡ್ಡ ಬರುತ್ತದೆ.
ನಾವು ಇಲ್ಲಿ ಎಡೆಯಿಟ್ಟು ಕಾಗೆ ಕರೆಯುವಾಗ
ನಮ್ಮದೇ ನೆರಳು ಅಲ್ಲಿ,
ಹೆಚ್ಚೆಂದರೆ ಎಪ್ಪತ್ತೆರಡು ನಿಮಿಷ.
ಅಷ್ಟರಲ್ಲಿ ಕಾದ ಕೀಲು ಹೆಪ್ಪುಗಟ್ಟಿ
ಮತ್ತೆ ಕಾಯುತ್ತದೆ.
ವರ್ಷಕ್ಕೆ ಎಂಬತ್ತೆಂಟು ನೆರಳು.
ಅದನ್ನೇ ಇಲ್ಲಿ, ಈ ಉಕ್ಕಿನ ಡಬ್ಬಿಯಲ್ಲಿ,
ಹಗಲಿರುಳು ಮಾಡಿ ಮಾಡಿ ನೋಡುತ್ತಿದ್ದೇವೆ.
ಕೂರ್ಗಳ್ಳಿಯಲ್ಲಿ ಐದನೆಯ ವಾರ,
ಕೀಲಿಗೆ ಹತ್ತನೆಯ ವರ್ಷ.

ಬುಧವಾರ ರಾತ್ರಿ ಎರಡಕ್ಕೆ
ಇಲವಾಲದ ಕಡೆ ಒಂದು ಗುಡುಗು,
ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿತು,
ಮೂರನೆಯದಕ್ಕೆ ಅದೂ ಇಲ್ಲ.
ಪರದೆಯ ಮೇಲಿನ ಕೊನೆಯ ಅಂಕಿ
ಎಂಟುನೂರ ಹನ್ನೊಂದು
ಕಣ್ಣೊಳಗೆ ಹಸಿರಾಗಿ ಸ್ವಲ್ಪ ಹೊತ್ತು ಉಳಿಯಿತು.

ಪಂಪಿನ ಸದ್ದು ನಿಂತ ಮೇಲೆ ತಿಳಿಯಿತು,
ಐದು ವಾರದಿಂದ ನಾವು ಕೂಗಿ ಕೂಗಿ ಮಾತಾಡುತ್ತಿದ್ದೆವು.
ಮೆಲ್ಲಗೆ ಅಂದ:
"ಊರಿಗೆಲ್ಲಾ ಮೇಗಡೆಯಿಂದ ಕರೆಂಟ್ ಬುಡೋರು ನಾವು."
ಆಗ ಇಬ್ಬರೂ ನಕ್ಕೆವು.

ಜವರಪ್ಪ ಮಳವಳ್ಳಿ ಕಡೆಯವನು.
ಶಿವನಸಮುದ್ರದ ನೀರು ತಂತಿ ಹತ್ತಿ
ಕೋಲಾರದ ಗಣಿಗೆ ಹೊರಟ ಕಾಲಕ್ಕೆ
ಅವನ ಮುತ್ತಾತನ ಹೊಲದಲ್ಲೊಂದು ಕಂಬ.
"ತಂತಿ ಗುಯ್ ಅಂತಿತ್ತಂತೆ ರಾತ್ರಿಯೆಲ್ಲ,
ಕೆಳಗೆ ಗುಡ್ಲಲ್ಲಿ ಹರಳೆಣ್ಣೆ ದೀಪ.
ಮುತ್ತಾತ ಕಂಬಕ್ಕೆ ಕಿವಿ ಕೊಟ್ಟು ಕೂತ್ಕಂತಿತ್ತಂತೆ,
ಯಾರೋ ದಾಟ್ಕಂಡ್ ಹೋಯ್ತಾವ್ರೆ ಅಂತ."
ಬೀಡಿಗೆ ಕೈ ಹೋಯಿತು, ಬೋರ್ಡು ನೆನಪಾಗಿ ವಾಪಸು ಬಂತು.
"ನಿಮ್ ಬಿಸ್ಲಿನ ತೂಬು ಯಾರ್ ಕೈಲಿರ್ತದೆ ಮೇಡಮ್?"

ನನ್ನ ನಕ್ಷೆಯಲ್ಲಿ ಎಲ್ಲವೂ ಇದೆ.
ತರಂಗದ ಅಗಲ, ಮೋಡದಲ್ಲಿ ಎಷ್ಟು ಸೋರುತ್ತದೆ,
ಕೆಳಗೆ ಹಿಡಿಯುವ ಬಲೆ ಎಷ್ಟು ದೂರ ಹಾಸಬೇಕು,
ಅದರಡಿ ಕುರಿ ಮೇಯಬಹುದೇ ಎಂಬುದೂ.
ಅವನ ಪ್ರಶ್ನೆಗೆ ಕಾಲಮ್ಮು ಎಳೆದಿಲ್ಲ.
ಯೋಚಿಸುತ್ತಿದ್ದೇನೆ ಎಂಬಂತೆ
ಡಬ್ಬಿಯ ಬಾಗಿಲಿಗೆ ಅಂಗೈ ಇಟ್ಟೆ.
ಕೊಳವೆಯ ಮೇಲಿನ ಹಿಮ ಕರಗಿ
ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು.

ಅವನು ಮೊಬೈಲಿನ ಬೆಳಕಲ್ಲಿ ರಿಜಿಸ್ಟರು ತೆರೆದ.
ಸುತ್ತು: ೮೧೧.
ಷರಾ: ಕರೆಂಟ್ ಇಲ್ಲ.
'ಇಲ್ಲ'ದ ಕೆಳಗೊಂದು ಗೆರೆ.

ಆಗ ಒಳಗಿನಿಂದ
ಟಿಕ್.

ಮೂವತ್ತೆಂಟು ಗ್ರಾಮಿನದು,
ನಮ್ಮ ಹಂಗಿಲ್ಲದೆ ತಾನೇ ಬೆಚ್ಚಗಾಗುತ್ತಿರುವುದು.
ಬಿರುಕೋ, ಮೈಮುರಿತವೋ
ಸದ್ದಿನಲ್ಲಿ ಗೊತ್ತಾಗುವುದಿಲ್ಲ.
ತೆರೆದರೆ ಹಸಿ ಗಾಳಿ ನುಗ್ಗಿ ಕೆಡುತ್ತದೆ.
"ಬುಡಿ, ಬೆಳಗಾಗ್ಲಿ" ಅಂದ ಜವರಪ್ಪ.

ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆವು,
ಆ ಕಡೆ ಅವನು, ಈ ಕಡೆ ನಾನು.